ದೊಡ್ಡ ಕುದುರೆಯ ಸಾಗಾಟಕ್ಕೆ ಎಂತಹ ಟ್ರೇಲರ್?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನನ್ನ ಬಳಿ 17.2 ಹ್ಯಾಂಡ್ ಎತ್ತರದ, ಬೀಜ ತೆಗೆಸಿದ ಗಂಡು ಕುದುರೆಯೊಂದಿದೆ. ಅದರ ತೂಕ ಸುಮಾರು 700 ಕೆ.ಜಿ. ಇರಬಹುದೆಂದು ಪಶುವೈದ್ಯರು ಅಂದಾಜಿಸಿದ್ದಾರೆ. ಇದುವರೆಗೆ ಪರಿಚಯದವರೊಬ್ಬರ ಹಳೆಯ, ಎರಡು ಕುದುರೆಗಳ ಟ್ರೇಲರನ್ನು ಎರವಲು ಪಡೆದು ಅದನ್ನು ಸಾಗಿಸುತ್ತಿದ್ದೆ. ಈಚೆಗೆ ಅದು ಟ್ರೇಲರ್ ಹತ್ತಲು ಒಪ್ಪುತ್ತಿಲ್ಲ. ಹತ್ತಿಸಿದರೂ ತಿರುವುಗಳಲ್ಲಿ ಗೊರಸುಗಳಿಂದ ಗೋಡೆಯನ್ನು ಕೆರೆಯುವ, ಒದೆಯುವ ಸದ್ದು ಕೇಳಿಸುತ್ತದೆ. ಇಳಿಸುವಾಗ ಮೈಯೆಲ್ಲ ಬೆವರಿರುತ್ತದೆ. ಒಮ್ಮೆ ಕಿವಿಗಳ ನಡುವೆ ನೆತ್ತಿಯೂ ತರಚಿತ್ತು. ಸ್ವಂತ ಟ್ರೇಲರ್ ಕೊಳ್ಳಬೇಕೆಂದಿದ್ದೇನೆ. ಕುದುರೆಯನ್ನು ನೇರವಾಗಿ ನಿಲ್ಲಿಸುವ ಮಾದರಿ ಮೇಲೋ, ಓರೆಯಾಗಿ ನಿಲ್ಲಿಸುವ ಮಾದರಿ ಮೇಲೋ? ನನ್ನ ವಾಹನದ ಎಳೆಯುವ ಸಾಮರ್ಥ್ಯ 2,500 ಕೆ.ಜಿ. ಎಂದು ಕೈಪಿಡಿಯಲ್ಲಿದೆ. ಕೆಲವೊಮ್ಮೆ ಜೊತೆಗೆ 400 ಕೆ.ಜಿ.ಯ ಚಿಕ್ಕ ಕುದುರೆಯೊಂದನ್ನೂ ಒಯ್ಯಬೇಕಾಗುತ್ತದೆ. ಇದು ಸಾಕಾದೀತೇ?

ಉತ್ತರ: ನೀವು ಬರೆದಿರುವ ಲಕ್ಷಣಗಳನ್ನು ಓದಿದರೆ ಕುದುರೆಗೆ ಮೊಂಡು ಹಿಡಿದಿದೆ ಎನ್ನುವುದಕ್ಕಿಂತ, ಅದಕ್ಕೆ ಆ ಟ್ರೇಲರಿನಲ್ಲಿ ನಿಲ್ಲಲು ಆಗುತ್ತಿಲ್ಲ ಎನ್ನುವುದೇ ಹೆಚ್ಚು ಸಂಭವನೀಯವಾಗಿ ಕಾಣುತ್ತದೆ. ಸಾಗಾಟದಲ್ಲಿರುವ ಕುದುರೆ ವಿಶ್ರಾಂತಿಯಲ್ಲಿರುವುದಿಲ್ಲ. ಹಿಡಿದುಕೊಳ್ಳಲು ಕಂಬಿಯಿಲ್ಲದ ಬಸ್ಸಿನಲ್ಲಿ ನಿಂತ ಪ್ರಯಾಣಿಕನಂತೆ ಅದು ಪ್ರತಿಯೊಂದು ಬ್ರೇಕಿಗೂ ಪ್ರತಿಯೊಂದು ತಿರುವಿಗೂ ತನ್ನ ಭಾರವನ್ನು ಕಾಲಿನಿಂದ ಕಾಲಿಗೆ ಬದಲಾಯಿಸುತ್ತಲೇ ಇರುತ್ತದೆ. ತಿರುವಿನಲ್ಲಿ ದೇಹ ಹೊರಬದಿಗೆ ವಾಲಿದಾಗ ಆ ಬದಿಯ ಕಾಲನ್ನು ಇನ್ನೂ ಅಗಲಕ್ಕೆ ಇಟ್ಟು ಆನಿಕೊಳ್ಳಬೇಕು. ಅಲ್ಲಿ ಗೋಡೆಯೋ ನೆಲದವರೆಗೆ ಇಳಿದ ನಡುತಡಿಕೆಯೋ ಅಡ್ಡ ಬಂದರೆ ಕಾಲು ಜಾರುತ್ತದೆ, ಜಾರಿದ ಕಾಲನ್ನು ಊರಲು ಅದು ಗೋಡೆಯನ್ನೇ ಕೆರೆಯತೊಡಗುತ್ತದೆ. ನೀವು ಕೇಳುತ್ತಿರುವ ಸದ್ದು ಅದೇ ಇರಬೇಕು. ಆದ್ದರಿಂದ ದೊಡ್ಡ ಕುದುರೆಯ ಟ್ರೇಲರ್ ಎಂದರೆ ಅದರ ದೇಹವನ್ನು ತುಂಬಿಸಿಕೊಳ್ಳುವಷ್ಟು ದೊಡ್ಡ ಪೆಟ್ಟಿಗೆ ಎಂದು ತಿಳಿಯಬಾರದು. ಕಾಲುಗಳನ್ನು ಅಗಲಿಸಲು, ಕತ್ತನ್ನು ಚಾಚಿ ತಗ್ಗಿಸಲು ಅದಕ್ಕೆ ಎಷ್ಟು ಜಾಗ ಸಿಗುತ್ತದೆ ಎಂಬುದೇ ಮುಖ್ಯವಾದ ಅಳತೆ. 'ಎರಡು ಕುದುರೆಗಳ ಟ್ರೇಲರ್' ಎಂಬ ಮಾರಾಟದ ಹೆಸರು ಯಾವ ಎರಡು ಕುದುರೆಗಳು ಎಂಬುದನ್ನು ಹೇಳುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ಲಾಯಕ್ಕೆ ಹೋಗಿ. ಒಂದು ಹ್ಯಾಂಡ್ ಎಂದರೆ 4 ಅಂಗುಲ, ಅಂದರೆ 10.16 ಸೆಂ.ಮೀ.; ಚುಕ್ಕಿಯ ನಂತರದ ಅಂಕಿ ದಶಾಂಶವಲ್ಲ, ಅಂಗುಲದ ಎಣಿಕೆ. ಹಾಗಾಗಿ 17.2 ಎಂದರೆ 70 ಅಂಗುಲ, ಸುಮಾರು 178 ಸೆಂ.ಮೀ.; 17.3ರ ನಂತರ ಬರುವುದು 18. ಈ ಎತ್ತರವನ್ನು ಅಳೆಯುವುದು ಹೆಗಲಿನ ಉಬ್ಬಿನವರೆಗೆ ಮಾತ್ರ. ಟ್ರೇಲರಿನ ಚಾವಣಿಗೆ ತಾಗುವುದು ಹೆಗಲಲ್ಲ, ನೆತ್ತಿ. ಆದ್ದರಿಂದ ಕುದುರೆ ನಿರಾಳವಾಗಿ ನಿಂತಿರುವಾಗ ನೆಲದಿಂದ ನೆತ್ತಿಯವರೆಗಿನ ಎತ್ತರ, ಎದೆಯ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದ, ಹೊಟ್ಟೆಯ ಅತಿ ಅಗಲವಾದ ಭಾಗ, ಹೆಗಲಿನ ಹಿಂದೆ ಎದೆಯ ಸುತ್ತಳತೆ ಇವಿಷ್ಟನ್ನೂ ಬರೆದಿಟ್ಟುಕೊಳ್ಳಿ. ತೂಕವನ್ನು ಕೇವಲ ಕಣ್ಣಂದಾಜಿಗೆ ಬಿಡಬೇಡಿ. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ದೇಹದ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕೆ.ಜಿ.ಯಲ್ಲಿ ಹತ್ತಿರದ ತೂಕ ದೊರೆಯುತ್ತದೆ. ಎರಡೂ ಅಳತೆ ಸೆಂ.ಮೀ.ಯಲ್ಲಿರಬೇಕು. ಉದಾಹರಣೆಗೆ ಸುತ್ತಳತೆ 212, ಉದ್ದ 184 ಇದ್ದರೆ ತೂಕ ಸುಮಾರು 696 ಕೆ.ಜಿ. ಆಗುತ್ತದೆ. ನಿಮ್ಮ ಕುದುರೆಯೂ ಇದರ ಆಸುಪಾಸಿನಲ್ಲಿಯೇ ಇರಬಹುದೆಂದು ಭಾವಿಸಿ ಮುಂದಿನ ಲೆಕ್ಕಗಳನ್ನು ಕೊಡುತ್ತಿದ್ದೇನೆ.

ಮೊದಲು ಎತ್ತರ. ಹಳೆಯ ಟ್ರೇಲರುಗಳಲ್ಲಿ ಒಳಗಿನ ಎತ್ತರ 6 ಅಡಿ 6 ಅಂಗುಲದಿಂದ 7 ಅಡಿಯವರೆಗೆ, ಅಂದರೆ 198ರಿಂದ 213 ಸೆಂ.ಮೀ. ಇರುವುದು ಸಾಮಾನ್ಯ. ಹೆಗಲೇ 178 ಸೆಂ.ಮೀ. ಇರುವ ಕುದುರೆ ಇಂತಹ ಟ್ರೇಲರಿನಲ್ಲಿ ತಲೆ ಎತ್ತಿದ ಕೂಡಲೇ ಚಾವಣಿಗೆ ತಾಗುತ್ತದೆ. ನೆತ್ತಿಗೆ ಪೆಟ್ಟು ಬಿದ್ದ ಕುದುರೆ ಗಾಬರಿಗೊಂಡು ಹಿಂದಕ್ಕೆ ಎಳೆಯುತ್ತದೆ, ಎಳೆದಾಗ ಮತ್ತೆ ತಾಗಿಸಿಕೊಳ್ಳುತ್ತದೆ. ಪೆಟ್ಟು ಜೋರಾಗಿದ್ದರೆ ತಲೆಬುರುಡೆಯ ತಳವೇ ಬಿರುಕು ಬಿಟ್ಟು ಪ್ರಾಣಕ್ಕೆ ಅಪಾಯವಾಗಬಹುದು. ನಿಮ್ಮ ಕುದುರೆಗೆ ಒಳಗಿನ ಎತ್ತರ 7 ಅಡಿ 6 ಅಂಗುಲಕ್ಕಿಂತ, ಅಂದರೆ 229 ಸೆಂ.ಮೀ.ಗಿಂತ ಕಡಿಮೆ ಇರಬಾರದು. ನಿರಾಳವಾಗಿ ನಿಂತಾಗ ನೆತ್ತಿಗೂ ಚಾವಣಿಗೂ ನಡುವೆ ಒಂದು ಗೇಣಾದರೂ ಬಿಡುವಿರಬೇಕೆಂಬುದು ನಾನು ಇಟ್ಟುಕೊಂಡಿರುವ ಅಳತೆಗೋಲು. ಅಳೆಯುವಾಗ ಎರಡು ಸಂಗತಿಗಳನ್ನು ಮರೆಯಬಾರದು. ನೆಲದ ರಬ್ಬರ್ ಹಾಸಿನ ದಪ್ಪ ಎತ್ತರದಿಂದ ಕಳೆಯುತ್ತದೆ. ಹಿಂಬಾಗಿಲಿನ ಚೌಕಟ್ಟಿನ ಮೇಲ್ಪಟ್ಟಿ ಚಾವಣಿಗಿಂತ ಕೆಳಗೆ ಇರುತ್ತದೆ. ಒಳಗಿನ ಎತ್ತರ ಎಷ್ಟೇ ಇದ್ದರೂ ಕುದುರೆ ಆ ಬಾಗಿಲಿನ ಕೆಳಗೇ ಹಾದುಹೋಗಬೇಕು, ನೆತ್ತಿಗೆ ಹೆಚ್ಚಾಗಿ ಪೆಟ್ಟು ಬೀಳುವುದೂ ಅಲ್ಲಿಯೇ. ಹಾಗೆಂದು ಅಗತ್ಯಕ್ಕಿಂತ ಎತ್ತರದ ಟ್ರೇಲರನ್ನು ಆರಿಸುವುದೂ ಜಾಣತನವಲ್ಲ. ಎತ್ತರ ಹೆಚ್ಚಿದಷ್ಟೂ ಪಕ್ಕಗಾಳಿಯ ಹೊಡೆತ ಹೆಚ್ಚುತ್ತದೆ, ಸ್ವಂತ ತೂಕವೂ ಏರುತ್ತದೆ.

ಇನ್ನು ನೇರವೋ ಓರೆಯೋ ಎಂಬ ಪ್ರಶ್ನೆ. ಓರೆ ಮಾದರಿಯಲ್ಲಿ ಕುದುರೆಗಳು ಟ್ರೇಲರಿನ ಅಗಲಕ್ಕೆ ಓರೆಯಾಗಿ, ಒಂದರ ಪಕ್ಕ ಒಂದು ನಿಲ್ಲುತ್ತವೆ. ಕಡಿಮೆ ಉದ್ದದಲ್ಲಿ ಹೆಚ್ಚು ಕುದುರೆಗಳನ್ನು ಒಯ್ಯಬಹುದು, ಒಳಗೆ ತಿರುಗಿಸಿ ಮುಖ ಮುಂದಾಗಿಯೇ ಇಳಿಸಬಹುದು. ಇವು ಅದರ ನಿಜವಾದ ಅನುಕೂಲಗಳು. ಆದರೆ ಅಲ್ಲಿ ಕುದುರೆಗೆ ಸಿಗುವ ಉದ್ದ ಟ್ರೇಲರಿನ ಅಗಲವನ್ನೇ ಅವಲಂಬಿಸಿದೆ, ಮಾರುವವರು ಹೇಳುವ ಕರ್ಣದ ಉದ್ದವಂತೂ ಬಹುಮಟ್ಟಿಗೆ ಭ್ರಮೆ. ಒಳಗಿನ ಅಗಲ 6 ಅಡಿ, ಅಂದರೆ 183 ಸೆಂ.ಮೀ. ಇದ್ದು ತಡಿಕೆಗಳು 45 ಡಿಗ್ರಿ ಕೋನದಲ್ಲಿದ್ದರೆ ಕರ್ಣದ ಉದ್ದ 259 ಸೆಂ.ಮೀ. ಎಂದು ಬರುತ್ತದೆ. ಕೇಳಲು ಧಾರಾಳವಾಗಿದೆ. ಆದರೆ ಕುದುರೆಗೆ ಅಗಲವೂ ಇದೆ. ಹೊಟ್ಟೆಯ ಅಗಲ 70 ಸೆಂ.ಮೀ. ಎಂದು ಹಿಡಿದರೆ ಎರಡೂ ತುದಿಗಳ ಮುಕ್ಕೋನದ ಮೂಲೆಗಳು ದೇಹಕ್ಕೆ ದಕ್ಕುವುದಿಲ್ಲ, ಉಳಿಯುವ ಉದ್ದ 189 ಸೆಂ.ಮೀ. ಮಾತ್ರ. ಅದರಲ್ಲಿ 184 ಸೆಂ.ಮೀ. ಮುಂಡಕ್ಕೇ ಹೋಗುತ್ತದೆ. ಕತ್ತು ತಲೆಗಳನ್ನು ಉಳಿದ ಮೂಲೆಯಲ್ಲಿ ಮಡಚಿಕೊಂಡು ಅದು ಗಂಟೆಗಟ್ಟಲೆ ನಿಲ್ಲಬೇಕು. ಅಗಲ 7 ಅಡಿ, ಅಂದರೆ 213 ಸೆಂ.ಮೀ. ಆದರೆ ಇದೇ ಲೆಕ್ಕದಲ್ಲಿ 231 ಸೆಂ.ಮೀ. ಸಿಗುತ್ತದೆ, ಆಗ ಮಾತ್ರ ಓರೆ ಮಾದರಿಯನ್ನು ದೊಡ್ಡ ಕುದುರೆಗಾಗಿ ಯೋಚಿಸಬಹುದು. ಅದಕ್ಕಿಂತ ಕಿರಿದಾದ ಓರೆ ಟ್ರೇಲರನ್ನು ನಿಮಗೆ ನಾನು ಶಿಫಾರಸು ಮಾಡಲಾರೆ. ಮೊದಲು ಹತ್ತಿದ ಕುದುರೆ ಕೊನೆಗೆ ಹತ್ತಿದ್ದು ಇಳಿಯುವವರೆಗೆ ಕಾಯಬೇಕು ಎಂಬ ತೊಡಕೂ ಓರೆ ಮಾದರಿಗೆ ಇದೆ, ತುರ್ತಿನಲ್ಲಿ ಅದು ಸಣ್ಣ ತೊಡಕಲ್ಲ.

ನೇರ ಮಾದರಿಯಲ್ಲಿ ಎದೆಯ ಅಡ್ಡಕಂಬಿಯಿಂದ ಹಿಂಬದಿಯ ಅಡ್ಡಕಂಬಿಯವರೆಗಿನ ಅಂತರವನ್ನು ಅಳೆಯಿರಿ. ಮುಂಡದ ಉದ್ದ 184 ಸೆಂ.ಮೀ. ಇರುವಾಗ ಅಲ್ಲಿ 205ರಿಂದ 215 ಸೆಂ.ಮೀ. ಬೇಕು. ಎದೆಕಂಬಿಯ ಮುಂದೆ ತಲೆ ಕತ್ತುಗಳಿಗೆ ಇನ್ನೂ 90 ಸೆಂ.ಮೀ.ಯಷ್ಟು ತೆರೆದ ಜಾಗವಿರಬೇಕು. ಕಂಬಿಗಳ ಎತ್ತರವನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಸಾಧಾರಣ ಗಾತ್ರದ ಕುದುರೆಗೆಂದು ಕೂರಿಸಿದ ಎದೆಕಂಬಿ ನಿಮ್ಮ ಕುದುರೆಗೆ ಮುಂಗಾಲಿನ ಮೇಲ್ಭಾಗಕ್ಕೆ ಬರುತ್ತದೆ. ಗಾಬರಿಯಾದಾಗ ಅದು ಮುಂಗಾಲುಗಳನ್ನು ಕಂಬಿಯ ಆಚೆಗೆ ಹಾಕಿ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಇದೆ. ಹಿಂಗಂಬಿ ಪೃಷ್ಠದ ಮೂಳೆಯ ತುದಿಗಿಂತ ತುಸು ಕೆಳಗೆ ಇರಬೇಕು. ಅದಕ್ಕಿಂತ ಬಹಳ ಕೆಳಗಿದ್ದರೆ ಕುದುರೆ ಅದರ ಮೇಲೆ ಕುಳಿತು ಬಿಡುತ್ತದೆ. ಎರಡನ್ನೂ ಮೇಲೆ ಕೆಳಗೆ ಸರಿಹೊಂದಿಸಲು ಬರಬೇಕು, ಅವುಗಳ ಮೇಲೆ ಭಾರ ಬಿದ್ದಿರುವಾಗಲೂ ಹೊರಗಿನಿಂದ ಬಿಡಿಸಲು ಬರಬೇಕು. ಒಳಗೆ ಹೋಗಿ ಬಿಡಿಸಬೇಕಾದ ಕಂಬಿ, ಸಿಕ್ಕಿಹಾಕಿಕೊಂಡ 700 ಕೆ.ಜಿ.ಯ ಪ್ರಾಣಿಯ ಮುಂದೆ ಮನುಷ್ಯನನ್ನೂ ಸಿಕ್ಕಿಸುತ್ತದೆ. ಮುಂಭಾಗದಲ್ಲಿ ಮನುಷ್ಯರು ಹೊರಬರುವ ಸಣ್ಣ ಬಾಗಿಲು ಇಲ್ಲದ ಟ್ರೇಲರನ್ನು ಪಟ್ಟಿಯಿಂದಲೇ ತೆಗೆದುಹಾಕಿ.

ನಡುತಡಿಕೆ ನೆಲದವರೆಗೆ ಇಳಿಯದೆ ಅರ್ಧದಲ್ಲಿ ನಿಂತು, ಕೆಳಗೆ ಬಾಗುವ ರಬ್ಬರ್ ತೆರೆ ಇರುವಂತಹದನ್ನು ಆರಿಸಿ. ಪಕ್ಕದ ಕುದುರೆಯ ಕಾಲನ್ನು ತುಳಿಯದಂತೆ ಅದು ತಡೆಯುತ್ತದೆ, ಕಾಲಗಲಿಸಲು ಜಾಗವನ್ನೂ ಬಿಡುತ್ತದೆ. ನಿಮ್ಮ ಕುದುರೆಯ ಗೋಡೆ ಕೆರೆಯುವ ಅಭ್ಯಾಸ ಈ ಒಂದು ಬದಲಾವಣೆಯಿಂದಲೇ ಬಹಳಷ್ಟು ಕಡಿಮೆಯಾಗಬಹುದು. ಎರಡೂ ಕುದುರೆಗಳಿಗೆ ಸಮನಾಗಿ ಹಂಚಿದ 6 ಅಡಿ ಅಗಲದಲ್ಲಿ ಒಂದೊಂದಕ್ಕೆ ಸಿಗುವುದು ಸುಮಾರು 90 ಸೆಂ.ಮೀ. ಮಾತ್ರವಾದ್ದರಿಂದ 6 ಅಡಿ 6 ಅಂಗುಲ ಅಥವಾ 7 ಅಡಿ ಒಳ ಅಗಲದ ಟ್ರೇಲರ್ ಸಿಕ್ಕರೆ ಅದನ್ನೇ ಹಿಡಿಯಿರಿ.

ಕತ್ತು ತಗ್ಗಿಸುವ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಕೊಳ್ಳುವವರು ಇದನ್ನು ಸೌಕರ್ಯದ ಮಾತೆಂದು ಬದಿಗೆ ಸರಿಸುತ್ತಾರೆ. ಕುದುರೆ ತಲೆ ತಗ್ಗಿಸಿ ಮೇಯುವ ಪ್ರಾಣಿ. ಶ್ವಾಸನಾಳದೊಳಕ್ಕೆ ಹೋದ ದೂಳು, ಕಫ, ರೋಗಾಣುಗಳು ತಲೆ ಕೆಳಗಿದ್ದಾಗಲೇ ಸುಲಭವಾಗಿ ಹೊರಗೆ ಹರಿದು ಬರುತ್ತವೆ. ಗಂಟೆಗಟ್ಟಲೆ ತಲೆ ಎತ್ತಿ ಕಟ್ಟಿದರೆ ಕೆಳಗಿನ ಶ್ವಾಸಮಾರ್ಗದಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಏರುತ್ತದೆ, ದೂರ ಪ್ರಯಾಣದ ನಂತರ ಕುದುರೆಗಳಿಗೆ ಬರುವ ಪುಪ್ಪುಸ ಮತ್ತು ಅದರ ಹೊದಿಕೆಯ ಸೋಂಕಿಗೆ ಇದು ಮುಖ್ಯ ಕಾರಣಗಳಲ್ಲಿ ಒಂದು. ಟ್ರೇಲರ್ ಗಿಡ್ಡವಾದಷ್ಟೂ ದೊಡ್ಡ ಕುದುರೆಯ ತಲೆ ಮುಂಗೋಡೆಗೆ ಒತ್ತಿಕೊಂಡು ಎತ್ತಿಯೇ ಇರುತ್ತದೆ. ಆದ್ದರಿಂದ ಎದೆಕಂಬಿಯ ಮುಂದಿನ ಜಾಗವನ್ನು ಪೂರ್ತಿ ಜೀನು ಇಡುವ ಪೆಟ್ಟಿಗೆಯೋ ಮೇವಿನ ಕಟ್ಟೆಯೋ ನುಂಗಿರುವ ಮಾದರಿಗಳು ನಿಮಗೆ ಬೇಡ. ಪ್ರಯಾಣ ದೀರ್ಘವಾಗಿದ್ದರೆ ಮೂರು ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ, ಹಗ್ಗ ಸಡಿಲಿಸಿ ತಲೆ ತಗ್ಗಿಸಲು ಬಿಟ್ಟು ನೀರು ಕೊಡಬೇಕು. ಗಾಳಿಯ ಮಾತೂ ಇದಕ್ಕೇ ಸೇರಿದ್ದು. ದೊಡ್ಡ ದೇಹ ಹೆಚ್ಚು ಶಾಖವನ್ನು ಹೊರಹಾಕುತ್ತದೆ, ಮೂತ್ರದ ಅಮೋನಿಯಾ ಮತ್ತು ಒಣಹುಲ್ಲಿನ ದೂಳು ಅದೇ ಗಾಳಿಯಲ್ಲಿ ಸುತ್ತುತ್ತವೆ. ಎರಡೂ ಬದಿಗೆ ತೆರೆಯುವ ಕಿಟಕಿಗಳು, ಚಾವಣಿಯಲ್ಲಿ ಗಾಳಿಗಂಡಿಗಳು ಇರಲೇಬೇಕು. ಕಿಟಕಿಗಳಿಗೆ ಸರಳುಗಳಿರಲಿ, ಚಲಿಸುವಾಗ ಕುದುರೆ ತಲೆ ಹೊರಹಾಕುವುದು ನೋಡಲು ಚೆಂದ, ಕಣ್ಣಿಗೆ ಕಲ್ಲು ಬಡಿದರೆ ಮಾತ್ರ ಅದರ ಬೆಲೆ ತಿಳಿಯುತ್ತದೆ.

ಇನ್ನು ನಿಮ್ಮ ವಾಹನ. ಒಳ್ಳೆಯ ಗಾತ್ರದ ಎರಡು ಕುದುರೆಗಳ ಟ್ರೇಲರಿನ ಖಾಲಿ ತೂಕ ಸಾಮಾನ್ಯವಾಗಿ 1,000ದಿಂದ 1,500 ಕೆ.ಜಿ. ಇರುತ್ತದೆ. 1,200 ಎಂದು ಹಿಡಿಯೋಣ. ಕುದುರೆ 700, ನೀರು, ಒಣಹುಲ್ಲು, ಜೀನು ಮುಂತಾದವು 100. ಒಟ್ಟು 2,000 ಕೆ.ಜಿ. ಇದು ನಿಮ್ಮ 2,500 ಕೆ.ಜಿ.ಯ ಮಿತಿಯ ಐದನೇ ನಾಲ್ಕು ಭಾಗ. ಏರುದಾರಿ, ಇಳಿಜಾರು, ತುರ್ತು ಬ್ರೇಕುಗಳಿಗೆ ಉಳಿಸಬೇಕಾದ ಅಂತರ ಉಳಿದಿದೆ. ಚಿಕ್ಕ ಕುದುರೆಯ 400 ಕೆ.ಜಿ. ಸೇರಿಸಿದ ಕೂಡಲೇ ಲೆಕ್ಕ 2,400ಕ್ಕೆ ಏರುತ್ತದೆ. ಅದಕ್ಕೂ ನೀರು ಮೇವು ಬೇಕು. ಕಾಗದದ ಮೇಲೆ ಇದು ಮಿತಿಯೊಳಗೇ ಇದೆ, ಆದರೆ ಈ ಹೊರೆ ಸುಮ್ಮನೆ ಕೂರುವ ಮರಳಿನ ಚೀಲವಲ್ಲ, ಕಾಲು ಬದಲಿಸುತ್ತ ಟ್ರೇಲರನ್ನು ಅಲುಗಿಸುವ ಜೀವಗಳು. ಒಂಟಿ ಕುದುರೆಗೆ ನಿಮ್ಮ ವಾಹನ ಸಾಕು. ಎರಡಕ್ಕೂ ಅದನ್ನೇ ನಂಬಬೇಡಿ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

ಎಳೆಯುವ ಸಾಮರ್ಥ್ಯವೊಂದನ್ನೇ ನೋಡಿ ಮುಗಿಸುವಂತಿಲ್ಲ. ಟ್ರೇಲರಿನ ಫಲಕದ ಮೇಲೆ ಅದರ ಒಟ್ಟು ಗರಿಷ್ಠ ತೂಕ ಬರೆದಿರುತ್ತದೆ. ಅದರಿಂದ ಖಾಲಿ ತೂಕವನ್ನು ಕಳೆದರೆ ನೀವು ಹೊರಿಸಬಹುದಾದದ್ದು ಎಷ್ಟೆಂದು ಗೊತ್ತಾಗುತ್ತದೆ. ಎರಡು ಕುದುರೆಗಳದ್ದೆಂದು ಮಾರುವ ಕೆಲವು ಹಗುರ ಟ್ರೇಲರುಗಳಲ್ಲಿ ಈ ಲೆಕ್ಕ ನಿಮ್ಮ ಎರಡು ಕುದುರೆಗಳ 1,100 ಕೆ.ಜಿ.ಯನ್ನೂ ಮುಟ್ಟುವುದಿಲ್ಲ. ಟ್ರೇಲರನ್ನು ವಾಹನಕ್ಕೆ ಜೋಡಿಸುವ ಕೊಂಡಿಯ ಮೇಲೆ ಕೆಳಮುಖವಾಗಿ ಬೀಳುವ ಭಾರಕ್ಕೂ ಮಿತಿಯಿದೆ. ಆ ಭಾರ ಒಟ್ಟು ತೂಕದ ಶೇ. 10ರಿಂದ 15 ಇರಬೇಕೆಂಬುದು ಒಂದು ಬಗೆಯ ವಿನ್ಯಾಸಕ್ಕೆ ಸಲ್ಲುತ್ತದೆ. ಚಕ್ರಗಳು ನಡುವಿಗೆ ಹತ್ತಿರವಿರುವ ವಿನ್ಯಾಸಗಳಿಗೆ ಇನ್ನೂ ಕಡಿಮೆ ಸಾಕು, ಆದ್ದರಿಂದ ತಯಾರಕರ ಕೈಪಿಡಿಯ ಅಂಕಿಯನ್ನೇ ಪಾಲಿಸಿ. ಕೊಂಡಿಯ ಭಾರ ತೀರ ಕಡಿಮೆಯಾದರೆ ಟ್ರೇಲರ್ ಹಿಂದೆ ಹಾವಿನಂತೆ ಹೊಯ್ದಾಡತೊಡಗುತ್ತದೆ. ತೀರ ಹೆಚ್ಚಾದರೆ ವಾಹನದ ಹಿಂಭಾಗ ಕುಸಿದು ಮುಂಚಕ್ರಗಳ ಹಿಡಿತ ಸಡಿಲವಾಗುತ್ತದೆ. ಟ್ರೇಲರಿಗೆ ತನ್ನದೇ ಬ್ರೇಕುಗಳಿರಬೇಕು, ಕೊಂಡಿ ಕಳಚಿದರೆ ತಾನಾಗಿ ಬ್ರೇಕು ಹಿಡಿಸುವ ತಂತಿಯಿರಬೇಕು. ಹೊರೆ ತುಂಬಿ ನಿಲ್ಲಿಸಿದಾಗ ಟ್ರೇಲರ್ ನೆಲಕ್ಕೆ ಸಮಾನಾಂತರವಾಗಿ ಕಾಣಬೇಕು. ಎಲ್ಲವೂ ಸೇರಿದ ನಿಜವಾದ ತೂಕವನ್ನು ಒಮ್ಮೆಯಾದರೂ ವೇಬ್ರಿಡ್ಜಿನ ಮೇಲೆ ನೋಡಿಬಿಡಿ.

ಹತ್ತಿಸುವ ಇಳಿಜಾರು ಹಲಗೆ ಬೇಕೋ, ಮೆಟ್ಟಿಲಂತೆ ನೇರವಾಗಿ ಹತ್ತುವ ಮಾದರಿ ಸಾಕೋ ಎಂಬುದರಲ್ಲಿ ನನಗೆ ಕಟ್ಟುನಿಟ್ಟಾದ ಪಕ್ಷವಿಲ್ಲ. ಉದ್ದಗಾಲಿನ ಕುದುರೆಗೆ ಹತ್ತುವುದು ಎರಡರಲ್ಲೂ ಕಷ್ಟವಲ್ಲ. ತೊಂದರೆ ಇರುವುದು ಹಿಮ್ಮುಖವಾಗಿ ಇಳಿಯುವಾಗ, ಮೆಟ್ಟಿಲಿನ ಅಂಚಿನಲ್ಲಿ ಹಿಂಗಾಲು ಜಾರಿ ಟ್ರೇಲರಿನ ಅಡಿಗೆ ಹೋಗುವುದರಲ್ಲಿ. ಹಲಗೆಯಿದ್ದರೆ ಅದು ಉದ್ದವಾಗಿ, ಅಗಲವಾಗಿ, ಜಾರದ ಹೊದಿಕೆಯುಳ್ಳದ್ದಾಗಿರಲಿ. ಕಡಿದಾದ ಗಿಡ್ಡ ಹಲಗೆಗಿಂತ ಹಲಗೆ ಇಲ್ಲದಿರುವುದೇ ವಾಸಿ. ಒಳಭಾಗಕ್ಕೆ ತಿಳಿ ಬಣ್ಣವಿದ್ದು ಬೆಳಕು ಚೆನ್ನಾಗಿರಬೇಕು, ಏಕೆಂದರೆ ಬಿಸಿಲಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಕುದುರೆಯ ಕಣ್ಣಿಗೆ ನಮ್ಮ ಕಣ್ಣಿಗಿಂತ ಹೆಚ್ಚು ಹೊತ್ತು ಬೇಕು.

ಪ್ರಶ್ನೆ: ಹೊಸ ಟ್ರೇಲರ್ ಕೊಳ್ಳುವ ಶಕ್ತಿ ನನಗಿಲ್ಲ. ಹಳೆಯದನ್ನು ಕೊಳ್ಳುವುದಾದರೆ ಭಾರವಾದ ಕುದುರೆಯ ದೃಷ್ಟಿಯಿಂದ ಏನನ್ನು ಪರೀಕ್ಷಿಸಬೇಕು? ಅಲ್ಯೂಮಿನಿಯಂ ಒಳ್ಳೆಯದೆಂದು ಕೆಲವರು, ಉಕ್ಕು ಒಳ್ಳೆಯದೆಂದು ಕೆಲವರು ಹೇಳುತ್ತಾರೆ.

ಉತ್ತರ: ನೆಲವನ್ನು ಮೊದಲು ನೋಡಿ, ಬಣ್ಣವನ್ನು ಕೊನೆಗೆ ನೋಡಿ. ಕುದುರೆಯ ತೂಕದ ಸುಮಾರು ಶೇ. 60 ಮುಂಗಾಲುಗಳ ಮೇಲಿರುತ್ತದೆ. 700 ಕೆ.ಜಿ.ಯ ಕುದುರೆಯಲ್ಲಿ ಅದು 420 ಕೆ.ಜಿ. ಆಯಿತು, ಒಂದು ಮುಂಗಾಲು ಎತ್ತಿದ ಕ್ಷಣದಲ್ಲಿ ಆ ಭಾರದ ಬಹುಪಾಲು ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದೇ ಗೊರಸಿನಡಿ ಬೀಳುತ್ತದೆ. ರಬ್ಬರ್ ಹಾಸುಗಳನ್ನು ಪೂರ್ತಿ ತೆಗೆಯಲು ಹೇಳಿ. ಮಾರುವವರು ಒಪ್ಪದಿದ್ದರೆ ಅಲ್ಲಿಂದ ಹೊರಟುಬಿಡಿ. ಮರದ ಹಲಗೆಯಾದರೆ ಸ್ಕ್ರೂಡ್ರೈವರಿನ ತುದಿಯಿಂದ ಅಲ್ಲಲ್ಲಿ, ವಿಶೇಷವಾಗಿ ಮೂತ್ರ ನಿಲ್ಲುವ ಜಾಗಗಳಲ್ಲಿ ಮತ್ತು ಗೋಡೆಗೆ ಸೇರುವ ಅಂಚುಗಳಲ್ಲಿ ಚುಚ್ಚಿ ನೋಡಿ. ತುದಿ ಮೆತ್ತಗೆ ಒಳಗಿಳಿದರೆ ಹಲಗೆ ಕೊಳೆತಿದೆ ಎಂದರ್ಥ. ಅಲ್ಯೂಮಿನಿಯಂ ನೆಲ ಕೊಳೆಯುವುದಿಲ್ಲ, ಆದರೆ ಹಾಸಿನಡಿ ಸೇರಿದ ಮೂತ್ರವನ್ನು ತೊಳೆಯದೆ ಬಿಟ್ಟರೆ ಅದೂ ಸವೆದು ಗುಳಿ ಬೀಳುತ್ತದೆ. ನಂತರ ಟ್ರೇಲರಿನ ಕೆಳಗೆ ಇಣುಕಿ ನೆಲವನ್ನು ಹೊತ್ತ ಅಡ್ಡತೊಲೆಗಳನ್ನು ಒಂದೊಂದಾಗಿ ನೋಡಿ. ಹಲಗೆಯನ್ನು ಬದಲಾಯಿಸಬಹುದು, ತುಕ್ಕು ತಿಂದ ತೊಲೆಗಳ ರಿಪೇರಿ ಕೊಂಡ ಬೆಲೆಯನ್ನೇ ಮೀರಬಹುದು.

ಉಕ್ಕು ಮತ್ತು ಅಲ್ಯೂಮಿನಿಯಂ ನಡುವಿನ ವಾದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಉಕ್ಕಿಗೆ ತುಕ್ಕು ಹಿಡಿಯುತ್ತದೆ, ಆದರೆ ಬಾಗಿದರೆ ಬೆಸೆಯುವುದು ಸುಲಭ. ಅಲ್ಯೂಮಿನಿಯಂ ಹಗುರ, ಬಲಕ್ಕಾಗಿ ದಪ್ಪನೆಯ ಹಾಳೆ ಬಳಸಬೇಕಾಗುವುದರಿಂದ ಜಾಹೀರಾತು ಹೇಳುವಷ್ಟು ಹಗುರವಲ್ಲ. ಎರಡು ಲೋಹಗಳು ಸೇರುವಲ್ಲಿ ನಡುವೆ ಬೇರ್ಪಡಿಸುವ ಪದರ ಇಲ್ಲದಿದ್ದರೆ ತೇವದಲ್ಲಿ ಅಲ್ಯೂಮಿನಿಯಂ ಬೇಗ ಸವೆಯುತ್ತದೆ, ಆ ಜೋಡಣೆಗಳನ್ನು ಗಮನಿಸಿ.

ಟೈರುಗಳ ವಿಷಯದಲ್ಲಿ ಮೇಲ್ಮೈಯ ಗೆರೆಗಳು ಸವೆದಿಲ್ಲ ಎಂಬುದನ್ನೇ ನಂಬಬೇಡಿ. ಟ್ರೇಲರುಗಳು ಓಡುವುದಕ್ಕಿಂತ ನಿಂತಿರುವುದೇ ಹೆಚ್ಚಾದ್ದರಿಂದ ಅವುಗಳ ಟೈರುಗಳು ಸವೆಯುವ ಮೊದಲೇ ಮುಪ್ಪಾಗುತ್ತವೆ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳ ಗುರುತಿರುತ್ತದೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ಹೊಸ ಟೈರುಗಳ ಖರ್ಚನ್ನು ಬೆಲೆಯಲ್ಲಿ ಸೇರಿಸಿಯೇ ಚೌಕಾಸಿ ಮಾಡಿ. ಎಲ್ಲ ಟೈರುಗಳೂ ಸೇರಿ ಹೊರಬಲ್ಲ ಭಾರ ಟ್ರೇಲರಿನ ಒಟ್ಟು ತೂಕಕ್ಕಿಂತ ಹೆಚ್ಚಿರಬೇಕು. ಕೊನೆಗೆ ಖಾಲಿ ಟ್ರೇಲರನ್ನು ಸ್ವಲ್ಪ ದೂರ ಎಳೆದು ನೋಡಿ. ಬ್ರೇಕು ಎರಡೂ ಬದಿಗೆ ಸಮನಾಗಿ ಹಿಡಿಯುತ್ತದೆಯೇ, ಸಡಿಲ ತಗಡು ಬಾಗಿಲುಗಳು ಎಷ್ಟು ಬಡಿದುಕೊಳ್ಳುತ್ತವೆ ಎಂಬುದು ಗೊತ್ತಾಗುತ್ತದೆ. ಹೊರಗೆ ಕುಳಿತ ನಮಗೆ ಕೇಳುವ ಆ ಸದ್ದು ಒಳಗೆ ನಿಂತ ಕುದುರೆಗೆ ಹಲವು ಪಟ್ಟು.

ಪ್ರಶ್ನೆ: ನನ್ನಲ್ಲಿರುವುದು ಶೈರ್ ತಳಿಯ ಭಾರ ಎಳೆಯುವ ಕುದುರೆ. ಎತ್ತರ 18 ಹ್ಯಾಂಡ್, ತೂಕ 950 ಕೆ.ಜಿ. ಕುದುರೆಯ ಟ್ರೇಲರುಗಳಲ್ಲಿ ಯಾವುದೂ ಸರಿಹೊಂದುತ್ತಿಲ್ಲ. ದನಕರುಗಳನ್ನು ಸಾಗಿಸುವ ತೆರೆದ ಟ್ರೇಲರನ್ನು ಬಳಸಬಹುದೇ?

ಉತ್ತರ: ಬಳಸಬಹುದು, ಹಲವು ಸಂದರ್ಭಗಳಲ್ಲಿ ಅದೇ ಉತ್ತಮ. 18 ಹ್ಯಾಂಡ್ ಎಂದರೆ 183 ಸೆಂ.ಮೀ. ಹೆಗಲು. ಇಂತಹ ಕುದುರೆಗೆ 8 ಅಡಿ, ಅಂದರೆ 244 ಸೆಂ.ಮೀ. ಒಳ ಎತ್ತರ ಬೇಕು, ಅಗಲ 7 ಅಡಿಗೆ ಕಡಿಮೆ ಇರಬಾರದು. ಶೈರ್, ಪರ್ಷೆರಾನ್, ಕ್ಲೈಡ್ಸ್‌ಡೇಲ್‌ನಂತಹ ತಳಿಗಳಿಗೆ ನಡುತಡಿಕೆಯ ಇಕ್ಕಟ್ಟಿಗಿಂತ ತೆರೆದ ಜಾಗವೇ ಹಿತ. ದನಗಳ ಟ್ರೇಲರಿನಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಕುದುರೆ ತನಗೆ ಬೇಕಾದ ಕೋನದಲ್ಲಿ ನಿಂತುಕೊಳ್ಳುತ್ತದೆ, ಒಳಗೆ ತಿರುಗಿ ಮುಖ ಮುಂದಾಗಿ ಇಳಿಯುತ್ತದೆ.

ಆದರೆ ದನಗಳಿಗಾಗಿ ಮಾಡಿದ್ದನ್ನು ಹಾಗೆಯೇ ಬಳಸಬೇಡಿ. ಕೆಳಭಾಗದ ಗೋಡೆಯಲ್ಲಿ ಪಟ್ಟಿಗಳ ನಡುವೆ ಸಂದುಗಳಿದ್ದರೆ ಒದ್ದ ಕಾಲು ಅವುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಎದೆಮಟ್ಟದವರೆಗೆ ಒಳಗಿನಿಂದ ಗಟ್ಟಿ ಹಲಗೆ ಹೊದಿಸಿ ರಬ್ಬರ್ ಹಚ್ಚಿಸಬೇಕು. ಬರಿಯ ಲೋಹದ ನೆಲದ ಮೇಲೆ ಲಾಳ ಜಾರುತ್ತದೆ, ದಪ್ಪ ಹಾಸು ಬೇಕು. ತೊಲೆಗಳ ನಡುವಿನ ಅಂತರ ಎಷ್ಟೆಂದು ತಯಾರಕರನ್ನೇ ಕೇಳಿ. ಅದೇ ಒಟ್ಟು ತೂಕದ ದನಗಳ ಭಾರ ಹಲವು ಕಾಲುಗಳ ಮೇಲೆ ಹಂಚಿಹೋಗುತ್ತದೆ, ನಿಮ್ಮ ಕುದುರೆಯ 950 ಕೆ.ಜಿ. ನಾಲ್ಕೇ ಕಾಲುಗಳ ಮೇಲಿರುತ್ತದೆ. ಒಂದೇ ಕುದುರೆಯಿದ್ದರೆ ನಡುಬಾಗಿಲು ಮುಚ್ಚಿ ಅದನ್ನು ಮುಂಭಾಗದಲ್ಲಿ ನಿಲ್ಲಿಸಿ; ಅಷ್ಟು ದೊಡ್ಡ ಭಾರ ಹಿಂದಿನ ತುದಿಗೆ ಸರಿದರೆ ಕೊಂಡಿ ಮೇಲಕ್ಕೆ ಎತ್ತಿದಂತಾಗಿ ಟ್ರೇಲರ್ ಹೊಯ್ದಾಡುತ್ತದೆ. ಇಂತಹ ಎರಡು ಕುದುರೆಗಳನ್ನು ಒಯ್ಯುವುದಾದರೆ ಹಿಂಬದಿಯ ಕೊಂಡಿಗೆ ಸಿಕ್ಕಿಸುವ ಟ್ರೇಲರನ್ನು ಬಿಟ್ಟು, ಪಿಕಪ್ ವಾಹನದ ಹಿಂದಿನ ಚಕ್ರಗಳ ನೇರಕ್ಕೆ ಭಾರ ಬೀಳುವ ಗೂಸ್‌ನೆಕ್ ಮಾದರಿಗೋ ಕುದುರೆ ಸಾಗಿಸುವ ಲಾರಿಗೋ ಹೋಗುವುದು ಒಳಿತು.

ಪ್ರಶ್ನೆ: ಕುದುರೆ ಹಿಮ್ಮುಖವಾಗಿ ನಿಂತು ಪ್ರಯಾಣಿಸಿದರೆ ಆಯಾಸ ಕಡಿಮೆಯೆಂದು ಕೇಳಿದ್ದೇನೆ. ನನ್ನ ಸಾಧಾರಣ ಟ್ರೇಲರಿನಲ್ಲಿ ದೊಡ್ಡ ಕುದುರೆಯನ್ನು ಹಾಗೆ ನಿಲ್ಲಿಸಬಹುದೇ?

ಉತ್ತರ: ಬೇಡ. ಹಿಮ್ಮುಖವಾಗಿ ನಿಂತಾಗ ಬ್ರೇಕಿನ ಹೊಡೆತವನ್ನು ತಲೆ ಎದೆಗಳ ಬದಲು ಪೃಷ್ಠ ತಡೆದುಕೊಳ್ಳುತ್ತದೆ ಎಂಬುದು ನಿಜ, ಕೆಲವು ಅಧ್ಯಯನಗಳಲ್ಲಿ ಎದೆಬಡಿತ ಕಡಿಮೆಯಿದ್ದುದೂ ಕಂಡಿದೆ. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ಆದರೆ ಮುಮ್ಮುಖಕ್ಕೆ ಮಾಡಿದ ಟ್ರೇಲರಿನಲ್ಲಿ ಕುದುರೆಯನ್ನು ತಿರುಗಿಸಿ ನಿಲ್ಲಿಸಿದರೆ ಭಾರವಾದ ಮುಂಭಾಗ ಟ್ರೇಲರಿನ ಹಿಂತುದಿಗೆ ಹೋಗುತ್ತದೆ, ಕೊಂಡಿಯ ಭಾರ ಕುಗ್ಗುತ್ತದೆ. ಕಂಬಿಗಳೂ ಬೇಡದ ಜಾಗದಲ್ಲಿರುತ್ತವೆ. ಹಿಮ್ಮುಖ ಪ್ರಯಾಣಕ್ಕೆಂದೇ ವಿನ್ಯಾಸಗೊಳಿಸಿದ ಟ್ರೇಲರುಗಳಿವೆ. ಮನಸ್ಸಿದ್ದರೆ ಅವುಗಳಲ್ಲಿ ನಿಮ್ಮ ಕುದುರೆಯ ಅಳತೆಗೆ ಹೊಂದುವುದನ್ನು ನೋಡಿ.

ಪ್ರಶ್ನೆ: ಎರಡು ಕುದುರೆಗಳ ನೇರ ಟ್ರೇಲರಿನಲ್ಲಿ ಒಂದೇ ದೊಡ್ಡ ಕುದುರೆಯನ್ನು ಒಯ್ಯುವಾಗ ನಡುತಡಿಕೆಯನ್ನು ತೆಗೆಯಬೇಕೇ? ಯಾವ ಬದಿಗೆ ನಿಲ್ಲಿಸಬೇಕು?

ಉತ್ತರ: ತಡಿಕೆಯನ್ನು ಇಟ್ಟುಕೊಳ್ಳುವುದಾದರೆ ಕುದುರೆ ರಸ್ತೆಯ ನಡುಭಾಗಕ್ಕೆ ಹತ್ತಿರವಿರುವ ಬದಿಯಲ್ಲಿರಬೇಕು. ರಸ್ತೆಗಳು ನೀರು ಹರಿಯಲೆಂದು ಅಂಚಿನ ಕಡೆಗೆ ವಾಲಿರುತ್ತವೆ. ಭಾರವೂ ಅಂಚಿನ ಕಡೆಗೇ ಇದ್ದರೆ ಟ್ರೇಲರ್ ಅತ್ತಲೇ ಎಳೆಯುತ್ತದೆ, ಚಕ್ರ ಅಂಚಿನಿಂದ ಕೆಳಗಿಳಿದಾಗ ಮಗುಚುವ ಅಪಾಯವೂ ಹೆಚ್ಚು. ಗಾತ್ರದಲ್ಲಿ ಹೆಚ್ಚು ಕಡಿಮೆಯಿರುವ ಎರಡು ಕುದುರೆಗಳಿದ್ದಾಗ ಭಾರವಾದದ್ದು ನಿಲ್ಲಬೇಕಾದುದೂ ಇದೇ ಬದಿಗೆ.

ತಡಿಕೆಯನ್ನು ತೆಗೆದು ಪೂರ್ತಿ ಅಗಲವನ್ನು ಕೊಡುವುದು ದೊಡ್ಡ ಕುದುರೆಗೆ ಒಳ್ಳೆಯದು, ಆದರೆ ಆಗ ಎದೆಕಂಬಿ ಮತ್ತು ಹಿಂಗಂಬಿಗಳು ಟ್ರೇಲರಿನ ಪೂರ್ತಿ ಅಗಲಕ್ಕೆ ಇರುವಂತಹವಾಗಿರಬೇಕು. ಅರ್ಧ ಅಗಲದ ಕಂಬಿಗಳು ತಡಿಕೆಯನ್ನು ಹಿಡಿದಿರುವ ನಡುಕಂಬದ ಆಧಾರದಲ್ಲಿಯೇ ನಿಲ್ಲುವುದರಿಂದ, ಕಂಬ ತೆಗೆದ ಮೇಲೆ ಅವು ಉಪಯೋಗಕ್ಕೆ ಬಾರವು. ಪೂರ್ತಿ ಅಗಲದ ಕಂಬಿಗಳನ್ನು ಅದೇ ತಯಾರಕರಿಂದ ಪಡೆಯಿರಿ, ಹಗ್ಗ ಸರಪಳಿಗಳಿಂದ ಹೊಂದಿಸಲು ಹೋಗಬೇಡಿ. ಹತ್ತಿಸಿದ ಮೇಲೆ ಮೊದಲು ಹಿಂಗಂಬಿಯನ್ನು ಹಾಕಿ, ಆಮೇಲೆ ತಲೆಯ ಹಗ್ಗವನ್ನು ಕಟ್ಟಿ. ಇಳಿಸುವಾಗ ಮೊದಲು ಹಗ್ಗವನ್ನು ಬಿಚ್ಚಿ, ಆಮೇಲೆ ಹಿಂಗಂಬಿಯನ್ನು ತೆಗೆಯಿರಿ. ಈ ಕ್ರಮ ತಪ್ಪಿದರೆ ಹಿಂದೆ ತೆರೆದಿದ್ದು ಮುಂದೆ ಕಟ್ಟಿರುವ ಕುದುರೆ ಹಿಂದಕ್ಕೆ ಸರಿಯಲು ಹೋಗಿ, ಹಗ್ಗ ಬಿಗಿದ ಕೂಡಲೇ ತಲೆ ಎತ್ತಿ ಚಾವಣಿಗೆ ಬಡಿಸಿಕೊಳ್ಳುತ್ತದೆ. ಹಗ್ಗವನ್ನು ಟ್ರೇಲರಿನ ಬಳೆಗೆ ನೇರವಾಗಿ ಕಟ್ಟದೆ, ಜೋರಾಗಿ ಎಳೆದರೆ ತುಂಡಾಗುವ ತೆಳು ದಾರದ ಕುಣಿಕೆಯೊಂದಕ್ಕೆ ಕಟ್ಟುವುದು ಕ್ಷೇಮ.